ದೊಡ್ಡಪ್ಪ ಹಾಕಿಸಿದ ಎಂಟು

ನಮ್ಮ ದೊಡ್ಡಪ್ಪನ ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಮೊದಲೇ ಸವೆಯುತ್ತಿತ್ತು, ಅದೂ ಹೆಬ್ಬೆರಳಿನ ಕೆಳಗೆ ಮಾತ್ರ. ಯಾರ ಕಾರಿನಲ್ಲಿ ಮುಂದೆ ಕೂತರೂ ಆ ಕಾಲು ಸುಮ್ಮನಿರುತ್ತಿರಲಿಲ್ಲ. ಆಟೋ ಅಡ್ಡ ಬಂದರೆ ಒತ್ತುತ್ತಿತ್ತು, ಸಿಗ್ನಲ್ ಹಳದಿಯಾದರೆ ಒತ್ತುತ್ತಿತ್ತು, ರಸ್ತೆಯ ಅಂಚಿನಲ್ಲಿ ನಾಯಿಯೊಂದು ದಾಟಲೋ ಬೇಡವೋ ಎಂದು ಯೋಚಿಸುತ್ತ ನಿಂತಿದ್ದರೂ ಒತ್ತುತ್ತಿತ್ತು. ಅಲ್ಲಿ ಬ್ರೇಕ್ ಎಲ್ಲಿಂದ ಬರಬೇಕು, ಬರೀ ಮ್ಯಾಟ್. ಮದುವೆಮನೆಯ ಕುರ್ಚಿಯಲ್ಲಿ ಕೂತಾಗ ಯಾರಾದರೂ ಅತಿಯಾಗಿ ಮಾತಾಡಿದರೆ ಆಗಲೂ ಆ ಕಾಲು ಮೆಲ್ಲಗೆ ನೆಲ ಒತ್ತುವುದನ್ನು ನಾನು ನೋಡಿದ್ದೇನೆ. "ನಿಮ್ ದೊಡ್ಡಪ್ಪ ನಿದ್ದೇಲೂ ನನ್ ಕಾಲು ತುಳೀತಾರೆ ಕಣೇ" ಎಂದು ದೊಡ್ಡಮ್ಮ ದೂರು ಹೇಳುತ್ತಿದ್ದಳು.

ಸರ್ಕಾರದ ಕಾಗದಗಳಲ್ಲಿ ಅವರ ಹುದ್ದೆಗೆ ಮೋಟಾರು ವಾಹನ ನಿರೀಕ್ಷಕರು ಎಂಬ ಉದ್ದನೆಯ ಹೆಸರಿತ್ತು. ಜನರ ಬಾಯಲ್ಲಿ ಅವರು ಬ್ರೇಕ್ ಇನ್ಸ್‌ಪೆಕ್ಟರ್. ಆರ್‌ಟಿಓ ಕಚೇರಿಯಲ್ಲಿ ಅವರಿಗೆ ಮುಖ್ಯವಾಗಿ ಎರಡು ಕೆಲಸ. ಲೈಸೆನ್ಸ್ ಬೇಕೆಂದು ಬಂದವರನ್ನು ಗಾಡಿ ಓಡಿಸಲು ಹೇಳಿ ಪಾಸೋ ಫೇಲೋ ಎಂದು ಬರೆಯುವುದು ಒಂದು. ಅಪಘಾತವಾದ ಗಾಡಿಯನ್ನು ನೋಡಿ, ದೋಷ ಗಾಡಿಯದೋ ಓಡಿಸಿದವನದೋ ಎಂದು ಪೊಲೀಸರಿಗೆ ವರದಿ ಕೊಡುವುದು ಇನ್ನೊಂದು. ಬೆಳಿಗ್ಗೆ ಒಬ್ಬನ ಕೈಗೆ ಸ್ಟೀರಿಂಗ್ ಕೊಡಬೇಕು, ಮಧ್ಯಾಹ್ನ ಇನ್ನೊಬ್ಬನ ಕೈಯಿಂದ ಜಾರಿದ ಸ್ಟೀರಿಂಗನ್ನು ನೋಡಬೇಕು. ಎರಡನ್ನೂ ಒಬ್ಬರ ತಲೆಗೇ ಕಟ್ಟಿದ್ದು ಯಾರ ಬುದ್ಧಿಯೋ ಗೊತ್ತಿಲ್ಲ.

ಆಳು ಕುಳ್ಳು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಒಂದು ಚಿಕ್ಕ ಟಾರ್ಚು. ಸ್ವಂತಕ್ಕೆ ಒಂದು ಸೈಕಲ್ಲೂ ಇಟ್ಟುಕೊಳ್ಳದೆ ರಾಜಾಜಿನಗರದಿಂದ ಬಸ್ಸಿನಲ್ಲೇ ಕೆಲಸಕ್ಕೆ ಹೋಗಿಬಂದವರು. ಯಾರ ಮನೆಯ ಸಮಾರಂಭಕ್ಕೆ ಹೋದರೂ ಒಳಗೆ ಕಾಲಿಡುವ ಮುಂಚೆ ಹೊರಗೆ ನಿಂತ ಗಾಡಿಗಳ ಟೈರು ನೋಡಿಕೊಂಡು ಬರುತ್ತಿದ್ದರು. ಒಮ್ಮೆ ನನ್ನ ಚಿಕ್ಕತ್ತೆಯ ಮಗಳ ಧಾರೆಯ ಹೊತ್ತಿನಲ್ಲಿ, ಅಕ್ಷತೆ ಹಿಡಿದು ನಿಂತಿದ್ದ ಗಂಡಿನ ಸೋದರಮಾವನ ಕಿವಿಯ ಹತ್ತಿರ ಹೋಗಿ, "ನಿಮ್ ಗಾಡಿ ಹಿಂದಿನ್ ಎಡಗಡೆ ಟೈರು ಬೋಳಾಗಿದೆ, ಊರಿಗೆ ಹೋಗೋಕ್ ಮುಂಚೆ ಬದ್ಲಾಯಿಸಿ" ಎಂದರು. ಆ ಮನುಷ್ಯ ಅಕ್ಷತೆಯನ್ನು ವಧೂವರರ ಮೇಲೆ ಹಾಕುವುದು ಮರೆತು ದೊಡ್ಡಪ್ಪನ ಮುಖ ನೋಡುತ್ತ ನಿಂತಿದ್ದ.

ಅವರ ಒಂದು ಮಾತು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. "ಗಾಡಿ ಎಷ್ಟು ಜೋರಾಗಿ ಹೋಗುತ್ತೆ ಅಂತ ಎಲ್ರೂ ಕೇಳ್ತಾರೆ. ನಿಲ್ಲೋಕೆ ಎಷ್ಟು ಜಾಗ ಬೇಕು ಅಂತ ಒಬ್ನೂ ಕೇಳಲ್ಲ." ನಾವು ಚಿಕ್ಕವರಿದ್ದಾಗ ಇದನ್ನು ಅವರ ಧ್ವನಿಯಲ್ಲೇ ಅನುಕರಿಸಿ ನಗುತ್ತಿದ್ದೆವು. ಎಲ್ಲರಿಗಿಂತ ಚೆನ್ನಾಗಿ ಅನುಕರಿಸುತ್ತಿದ್ದವನು ನನ್ನ ತಮ್ಮ.

ದೊಡ್ಡಪ್ಪ ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ನನ್ನ ತಮ್ಮನೇ ಅವರ ಮಗ. ವಿಜಯನಗರದ ನಮ್ಮ ಮನೆಯಲ್ಲಿ ಅವನು ಮಲಗುತ್ತಿದ್ದ, ರಾಜಾಜಿನಗರದ ಅವರ ಮನೆಯಲ್ಲಿ ತಿನ್ನುತ್ತಿದ್ದ ಎಂದರೂ ನಡೆದೀತು. ಅವನಿಗೆ ಹದಿನೆಂಟು ತುಂಬಿದ ಕೂಡಲೇ ನಮ್ಮಪ್ಪ ಅವನಿಗಾಗಿ ಒಂದು ಜೀಪು ತಂದು ನಿಲ್ಲಿಸಿದರು. ಕಪ್ಪು ಬಣ್ಣದ, ಎತ್ತರದ, ಶುರು ಮಾಡಿದರೆ ಬೀದಿಯ ಕಿಟಕಿಗಳೆಲ್ಲ ಗುಯ್‌ಗುಡುವಂಥ ಗಾಡಿ. ಅಂಥದ್ದೇ ಯಾಕೆ ಎಂದು ಅಮ್ಮ ಕೇಳಿದರೆ, "ಮಗ ಅದರಲ್ಲಿ ಕೂತ್ರೆ ಹೆಂಗ್ ಕಾಣ್ತಾನೆ ನೋಡು" ಎಂದರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನನ್ನ ತಮ್ಮ ಹೆಗ್ಗಣವೇನಲ್ಲ, ನಿಜಕ್ಕೂ ಚೆಂದವಿದ್ದ.

ಲೈಸೆನ್ಸ್ ಮಾಡಿಸಲು ಅಪ್ಪ ಅವನನ್ನು ದೊಡ್ಡಪ್ಪನ ಕಚೇರಿಗೇ ಕರೆದುಕೊಂಡು ಹೋದರು. ಅಲ್ಲಿ ಮೈದಾನದಲ್ಲಿ ಕಂಬ ನೆಟ್ಟು, ಅವುಗಳ ನಡುವೆ ಎಂಟರ ಆಕಾರದಲ್ಲಿ ಗಾಡಿ ಓಡಿಸಲು ಹೇಳುತ್ತಿದ್ದರು. ಅದಕ್ಕೆ ಎಂಟು ಹಾಕಿಸುವುದು ಎಂದೇ ಹೆಸರು. ದೊಡ್ಡಪ್ಪ ಎದ್ದು ನಿಂತು ಟಾರ್ಚು ಜೇಬಿಗಿಟ್ಟುಕೊಂಡು ಹೊರಡುತ್ತಿದ್ದಂತೆ ಅಪ್ಪ ನಕ್ಕು, "ಏನಣ್ಣ, ನಿನ್ ತಮ್ಮನ್ ಮಗನ ಕೈಲೂ ಎಂಟು ಹಾಕಿಸ್ತೀಯಾ?" ಎಂದರಂತೆ. ಪಕ್ಕದಲ್ಲಿದ್ದ ಗುಮಾಸ್ತರೂ, "ನಮ್ ಹುಡುಗನೇ ಬಿಡಿ ಸಾರ್" ಎಂದರಂತೆ. ದೊಡ್ಡಪ್ಪ ಮತ್ತೆ ಕೂತು ಸಹಿ ಹಾಕಿದರು. ಮನೆಯ ಹುಡುಗನನ್ನು ಪರೀಕ್ಷೆ ಮಾಡುವುದೆಂದರೆ ತಮ್ಮನ ಮೇಲೆ ನಂಬಿಕೆಯಿಲ್ಲ ಎಂದಂತಾಗುತ್ತಿತ್ತು. ಬೇರೆಯವರಿಗೆ ಕಟ್ಟುನಿಟ್ಟಾಗಿರುವವರೂ ನಮ್ಮವರು ಬಂದಾಗ ಕಣ್ಣು ಸ್ವಲ್ಪ ಮುಚ್ಚುವುದು ನಮ್ಮಲ್ಲಿ ಮರ್ಯಾದೆ. ಅಪ್ಪ ಆ ಮಾತನ್ನು ಮನೆಗೆ ಬಂದು ನಗುತ್ತ ಹೇಳಿದರು. ನಾವೂ ನಕ್ಕೆವು.

ಅದೇ ವರ್ಷ, ಮಟಮಟ ಮಧ್ಯಾಹ್ನ, ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದ ಹತ್ತಿರ ನನ್ನ ತಮ್ಮ ನಿಂತಿದ್ದ ಲಾರಿಯ ಹಿಂಭಾಗಕ್ಕೆ ಜೀಪು ನುಗ್ಗಿಸಿಬಿಟ್ಟ. ಒಬ್ಬನೇ ಇದ್ದ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ದಿನದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಈಗಲೂ ಆಗುವುದಿಲ್ಲ.

ಅಪ್ಪ ಒಂದೇ ಮಾತು ಹಿಡಿದರು: ಬ್ರೇಕ್ ಫೇಲ್. ಹಿಂದಿನ ವಾರ ಕಾಮಾಕ್ಷಿಪಾಳ್ಯದ ಒಬ್ಬ ಮೆಕ್ಯಾನಿಕ್ ಆ ಜೀಪಿನ ಬ್ರೇಕಿಗೆ ಹೊಸ ಲೈನರ್ ಹಾಕಿದ್ದ. ಅವನೇ ಕೆಡಿಸಿದ್ದು ಎಂದು ಅಪ್ಪ ದೂರು ಕೊಟ್ಟರು. ಪೊಲೀಸರು ಆ ಮೆಕ್ಯಾನಿಕ್ಕನ್ನು ಎಳೆದುಕೊಂಡು ಹೋದರು. ಇನ್ನು ಉಳಿದಿದ್ದು ಬ್ರೇಕ್ ಇನ್ಸ್‌ಪೆಕ್ಟರರ ವರದಿ. ಆ ಪ್ರದೇಶ ದೊಡ್ಡಪ್ಪನ ವ್ಯಾಪ್ತಿಗೇ ಬರುತ್ತಿತ್ತು. ಸ್ವಂತ ಮನೆಯ ಸಾವು, ಬೇರೆಯವರಿಗೆ ವಹಿಸಿ ಎಂದು ಎಲ್ಲರೂ ಹೇಳಿದರು. ಅವರು ಕೇಳಲಿಲ್ಲ. ಸ್ಟೇಷನ್ನಿನ ಆವರಣದಲ್ಲಿ ನಜ್ಜುಗುಜ್ಜಾಗಿ ನಿಂತಿದ್ದ ಜೀಪಿನ ಕೆಳಗೆ ಟಾರ್ಚು ಹಿಡಿದು ತಾವೇ ಮಲಗಿದರು. ಆಮೇಲೆ ರಸ್ತೆಗೆ ಹೋಗಿ ಟೈರಿನ ಗುರುತುಗಳನ್ನು ನೋಡಿ ಬಂದರು. ಬರೆದದ್ದು ಇಷ್ಟೆ: ಬ್ರೇಕ್ ಸರಿಯಾಗಿದೆ, ಚಾಲಕ ತಡವಾಗಿ ತುಳಿದಿದ್ದಾನೆ. ಮೆಕ್ಯಾನಿಕ್ ಮನೆಗೆ ಹೋದ.

ನಮ್ಮಪ್ಪ ದೊಡ್ಡಪ್ಪನ ಜೊತೆ ಮತ್ತೆ ಮಾತಾಡಲಿಲ್ಲ. "ಸತ್ತ ಮಗು ಮೇಲೆ ಬರ್ದ. ಒಂದೇ ಒಂದು ಮಾತು, ಬ್ರೇಕ್ ಫೇಲ್ ಅಂತ ಬರೆದಿದ್ರೆ ಅವನ ಗಂಟೇನು ಹೋಗ್ತಿತ್ತು?" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು. ಆ ಮನೆಯ ನೀರೂ ಬೇಡ ಎಂದುಬಿಟ್ಟರು. ಅಲ್ಲಿಯವರೆಗೆ ಒಂದೇ ಕಡೆ ನಡೆಯುತ್ತಿದ್ದ ಮಹಾಲಯ ಅಮಾವಾಸ್ಯೆಯ ಎಡೆ ಎರಡು ಮನೆಗಳಲ್ಲಿ ಬೀಳತೊಡಗಿತು. ಪಾಪ, ನಮ್ಮ ತಾತ ವರ್ಷಕ್ಕೊಮ್ಮೆ ಬಂದಾಗ ವಿಜಯನಗರಕ್ಕೂ ರಾಜಾಜಿನಗರಕ್ಕೂ ಓಡಾಡಿ ಊಟ ಮಾಡಬೇಕಾಯಿತು.

ನಾನು ಆಗ ಯಾರ ಪಕ್ಷ ಎಂದು ಕೇಳಿದರೆ, ಅಪ್ಪನ ಪಕ್ಷವೇ. ಮನೆಯಲ್ಲಿ ಅಮ್ಮ ಗೋಡೆ ನೋಡುತ್ತ ಕೂತಿರುವಾಗ ನ್ಯಾಯ ಅನ್ಯಾಯ ಯಾರಿಗೆ ಬೇಕಿತ್ತು? ಮೆಕ್ಯಾನಿಕ್ಕಿಗೂ ಒಂದು ಮನೆಯಿದೆ ಎಂಬುದು ನನ್ನ ತಲೆಗೆ ಬಂದದ್ದು ನನಗೇ ಒಂದು ಮಗುವಾದ ಮೇಲೆ.

ಅಮ್ಮ ಮೊದಲು ಹೋದಳು, ಕೆಲವು ವರ್ಷಗಳ ಹಿಂದೆ ಅಪ್ಪನೂ ಹೋದರು. ಅಪ್ಪನನ್ನು ಮಲಗಿಸಿದ್ದ ದಿನ ದೊಡ್ಡಪ್ಪ ಬಂದು ಗೇಟಿನ ಹೊರಗೆ ನಿಂತುಬಿಟ್ಟರು. ಒಳಗೆ ಬರಲು ಅವರಿಗೆ ತಮ್ಮನ ಅಪ್ಪಣೆಯಿರಲಿಲ್ಲ, ಇನ್ನು ಸಿಗುವಂತೆಯೂ ಇರಲಿಲ್ಲ. ನಾನೇ ಹೋಗಿ ಕೈ ಹಿಡಿದು ಕರೆತಂದೆ. ಅಪ್ಪನ ಕಾಲ ಬಳಿ ಕೂತು, "ನಿಂಗೂ ನಾನು ಬ್ರೇಕ್ ಆಗ್ಲಿಲ್ವಲ್ಲೋ" ಎಂದರು. ಅದರ ಅರ್ಥ ನನಗೆ ಪೂರ್ತಿ ಆಗಲಿಲ್ಲ, ಕೇಳುವ ಹೊತ್ತೂ ಅದಾಗಿರಲಿಲ್ಲ. ಅಂದಿನಿಂದ ನಮ್ಮ ಬಸವೇಶ್ವರನಗರದ ಮನೆಗೆ ಅವರ ಓಡಾಟ ಶುರುವಾಯಿತು. ನನ್ನ ಮಗಳು ಅವರನ್ನು ತಾತ ಎಂದಳು. ಅವಳಿಗೆ ಹಳೆಯ ಕಥೆ ಗೊತ್ತಿತ್ತು, ಆದರೆ ನಮ್ಮ ಹಾಗೆ ಅದನ್ನು ಎದೆಯ ಮೇಲೆ ಹೊತ್ತುಕೊಂಡಿರಲಿಲ್ಲ.

ಅವಳಿಗೂ ಹದಿನೆಂಟಾಯಿತು. ಕೆಂಗೇರಿಯಿಂದಾಚೆ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮೆಟ್ರೋ ಇದೆಯಲ್ಲ ಎಂದೆ. ಮೆಟ್ರೋ ಇಳಿದ ಮೇಲೆ ಕಾಲೇಜಿನವರೆಗೆ ಹೋಗಲು ಪಡಬೇಕಾದ ಪಾಡನ್ನು ಅವಳು ವರ್ಣಿಸಿದಳು. ನನ್ನ ಗಂಡ ಆಗಲೇ ಕಾರು ಕೊಡಿಸುವ ತೀರ್ಮಾನಕ್ಕೆ ಬಂದಿದ್ದರು. "ಪಕ್ಕದ್ಮನೆ ಹುಡುಗಂಗೆ ಬುಲೆಟ್ ಕೊಡಿಸಿದಾರೆ, ಅದಕ್ಕಿಂತ ಇದು ಸೇಫ್ ಅಲ್ವಾ?" ಎಂದರು. ನನಗೆ ಆ ವಾರವೆಲ್ಲ ಅನ್ನ ಇಳಿಯಲಿಲ್ಲ. ಬೇಡ ಎನ್ನಲು ನನಗೆ ಒಂದೇ ಕಾರಣವಿತ್ತು, ಅದು ಸತ್ತು ಇಪ್ಪತ್ತು ವರ್ಷದ ಮೇಲಾಗಿತ್ತು. ಬೇಡ ಎಂದರೆ ಅವಳು ಯಾರದೋ ಕಾರಿನಲ್ಲಿ, ಯಾರದೋ ಪಕ್ಕ ಕೂತು ಹೋಗುತ್ತಾಳೆ ಎಂಬುದೂ ಗೊತ್ತಿತ್ತು. ಬ್ಯಾಂಕಿನ ಕೆಲಸದಲ್ಲಿ ಊರಿನವರಿಗೆಲ್ಲ ಬುದ್ಧಿ ಹೇಳುವ ನಾನು ನನ್ನ ಮನೆಯ ಈ ಒಂದು ವಿಷಯಕ್ಕೆ ಬಾಯಿ ಬಿಡಲಾರದೆ ರಾಜಾಜಿನಗರಕ್ಕೆ ಹೋದೆ.

"ದೊಡ್ಡಪ್ಪ, ಕಾರು ನೀವು ಆರಿಸಿಕೊಡ್ಬೇಕು" ಎಂದೆ.

ಅವರು ಜೇಬಿನ ಟಾರ್ಚು ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ನನ್ನ ಯಾಕೆ ಕೇಳ್ತೀಯ? ನಾನ್ ಆರಿಸಿದ್ದು ಏನಾಯ್ತು ಅಂತ ನಿಂಗೊತ್ತಿಲ್ವಾ?" ಎಂದರು.

"ಜೀಪು ನೀವು ಆರಿಸಿದ್ದಲ್ಲ."

"ಹುಡುಗನ್ನ ಆರಿಸಿದ್ದು ನಾನೇ ಅಲ್ವೇನಮ್ಮ. ಪಾಸು ಅಂತ."

ದೊಡ್ಡಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹೋಗ್ರೀ ಮತ್ತೆ. ಇಷ್ಟ್ ವರ್ಷ ನೆಲ ತುಳಿದಿದ್ದು ಸಾಕು" ಎಂದಳು. ಮರುದಿನ ದೊಡ್ಡಪ್ಪ ಟಾರ್ಚಿಗೆ ಹೊಸ ಸೆಲ್ಲು ಹಾಕಿಸಿಕೊಂಡು ನಮ್ಮ ಮನೆಗೆ ಬಂದರು.

ಅಲ್ಲಿಂದ ನನ್ನ ಗಂಡನಿಗೆ ಕಷ್ಟಕಾಲ ಶುರುವಾಯಿತು. ಅವರು ಮೆಚ್ಚಿಟ್ಟಿದ್ದುದು ಒಂದು ದೊಡ್ಡ ಹೊಸ ಗಾಡಿ, ಎತ್ತರದ್ದು, ಮೇಲಿನ ಛಾವಣಿ ತೆರೆಯುವಂಥದ್ದು. ದೊಡ್ಡದಿದ್ದಷ್ಟೂ ಒಳಗಿರುವವರಿಗೆ ಕ್ಷೇಮ ಎಂಬುದು ಅವರ ವಾದ. ಶೋರೂಮಿನಲ್ಲಿ ನನ್ನ ಮಗಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ದೊಡ್ಡಪ್ಪ ಗಾಡಿಯ ಮುಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು. ಸೇಲ್ಸಿನ ಹುಡುಗಿ ಗಾಬರಿಯಿಂದ, "ಸಾರ್, ಏನಾದ್ರೂ ಬಿತ್ತಾ?" ಎಂದಳು.

"ನಾನು ಕಾಣ್ತೀನೇನೇ?" ಎಂದು ಕೆಳಗಿನಿಂದಲೇ ಕೂಗಿದರು.

"ಇಲ್ಲ ತಾತ. ಎಲ್ಲಿದೀರಾ?" ಎಂದಳು ನನ್ನ ಮಗಳು.

ಅವರು ಮಂಡಿಗೆ ಕೈಯೂರಿ ನಿಧಾನವಾಗಿ ಎದ್ದು ನನ್ನ ಗಂಡನ ಕಡೆ ತಿರುಗಿ, "ಕೂತಾಗ ನಾನು ಎಷ್ಟು ಎತ್ತರನೋ ಅಂಗನವಾಡಿ ಮಗು ನಿಂತಾಗ ಅಷ್ಟೇ ಎತ್ತರ. ಒಳಗಿರೋರ್ ಕ್ಷೇಮ ಸರಿ. ಹೊರಗಿರೋರು?" ಎಂದರು. ನನ್ನ ಗಂಡ ಶೋರೂಮಿನವರು ಕೊಟ್ಟ ಕಾಫಿಯನ್ನು ಕುಡಿಯದೆ ಹೊರಗೆ ಬಂದರು.

ಸರಿ, ಹಾಗಾದರೆ ಯಾವುದಾದರೂ ಹಳೆಯ ಡಬ್ಬಾ ಕೊಡಿಸೋಣ, ಕಲಿಯುವಾಗ ಗುದ್ದಿದರೂ ಪರವಾಗಿಲ್ಲ ಎಂದರು. ಊರೆಲ್ಲ ಮಾಡುವುದು ಅದನ್ನೇ. ಅದಕ್ಕೆ ದೊಡ್ಡಪ್ಪನಿಗೆ ಬಂದ ಸಿಟ್ಟು ನಾನು ಬೇರೆ ಯಾವಾಗಲೂ ನೋಡಿಲ್ಲ. "ಕೈ ಕೂತಿರೋನಿಗೆ ಒಳ್ಳೇ ಗಾಡಿ, ಏಟು ತಿನ್ನೋ ಹೊಸಬರಿಗೆ ಗುಜರಿ. ಇದ್ಯಾವ ಲೆಕ್ಕ? ಏರ್‌ಬ್ಯಾಗು, ಒಳ್ಳೇ ಬ್ರೇಕು ಮೊದಲು ಬೇಕಾಗಿರೋದು ಕಲಿಯೋರಿಗೆ. ಗುದ್ದಿದ್ರೆ ಗಾಡಿಗೆ ಪರವಾಗಿಲ್ಲ ಅಂತೀರಲ್ಲ, ಒಳಗೆ ನಿಮ್ ಮಗಳಿರ್ತಾಳೆ" ಎಂದರು. ನನಗಂತೂ ಅವರ ಬಾಯಿಂದ ಬಂದ 'ಗುಜರಿ' ಎಂಬ ಪದ ಕೇಳಿ ಸ್ಟೇಷನ್ನಿನ ಆವರಣ ಕಣ್ಣ ಮುಂದೆ ಬಂತು.

ಕೊನೆಗೆ ಅವರು ಒಪ್ಪಿದ್ದು ವಿಜಯನಗರದ ಒಬ್ಬ ಟೀಚರಮ್ಮನ ಗಾಡಿಯನ್ನು. ಮಂಡಿನೋವೆಂದು ಓಡಿಸುವುದನ್ನು ಬಿಟ್ಟಿದ್ದ ಅವರು ಅದನ್ನು ಮಾರುವವರಿದ್ದರು. ಬಿಳಿಯ ಬಣ್ಣ, ಪುಟ್ಟ ಎಂಜಿನ್, ಏರ್‌ಬ್ಯಾಗ್ ಇದೆ, ಒದ್ದೆ ರಸ್ತೆಯಲ್ಲಿ ಒತ್ತಿದರೂ ಚಕ್ರ ಜಾಮ್ ಆಗದ ಬ್ರೇಕ್ ಇದೆ. ದೊಡ್ಡಪ್ಪ ಅಂಗಿ ಕೊಳೆಯಾಗುವುದನ್ನೂ ಲೆಕ್ಕಿಸದೆ ಕೆಳಗೆ ತೂರಿ ನೋಡಿ ಬಂದರು. ಮಗಳ ಮುಖ ಹಿಂಡಿದ ನಿಂಬೆಹಣ್ಣಿನಂತಾಗಿತ್ತು.

"ತಾತ, ಇದು ಆಂಟಿ ಕಾರು. ನೋಡೋಕೆ ಎಷ್ಟು ಸಪ್ಪೆಯಾಗಿದೆ."

"ಸಪ್ಪೆಯಾಗೇ ಇರ್ಲಿ. ಇದನ್ನ ನೋಡಿ ನಿನ್ ಫ್ರೆಂಡ್ಸು ಯಾರಾದ್ರೂ 'ಒಂದು ರೌಂಡ್ ಕೊಡೇ' ಅಂತ ಕೇಳ್ತಾರಾ?"

"ಸಾಯೋವರೆಗೂ ಕೇಳಲ್ಲ."

"ಹಾಂ, ಹಂಗಾದ್ರೆ ಇದೇ" ಎಂದರು.

ಗಾಡಿ ಮನೆಗೆ ಬಂತು. ಲೈಸೆನ್ಸ್ ಅವಳ ಪರ್ಸಿನಲ್ಲಿ ಆಗಲೇ ಇತ್ತು. ಡ್ರೈವಿಂಗ್ ಸ್ಕೂಲಿನವರೇ ಮಾಡಿಸಿಕೊಟ್ಟಿದ್ದರು. ಸೋಮವಾರದಿಂದ ಕಾಲೇಜಿಗೆ ಅದರಲ್ಲೇ ಹೋಗುತ್ತೇನೆ ಎಂದು ಅವಳು ಕುಣಿಯುತ್ತಿರುವಾಗ ದೊಡ್ಡಪ್ಪ ಕೇಳಿದರು: "ಲೈಸೆನ್ಸ್ ಕೊಡೋವಾಗ ಎಂಟು ಹಾಕಿಸಿದ್ರಾ?"

"ಏನೋ ಸ್ವಲ್ಪ ದೂರ ಓಡಿಸು ಅಂದ್ರು ತಾತ. ಪಕ್ಕದಲ್ಲಿ ಸ್ಕೂಲಿನ ಸಾರ್ ಇದ್ರು. ಅವ್ರಿಗೆ ಅಲ್ಲಿ ಎಲ್ರೂ ಗೊತ್ತು."

ಆ ಮಾತು ಕೇಳಿ ದೊಡ್ಡಪ್ಪ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಆಮೇಲೆ ಅವರು ಬಹಳ ಸಾಧಾರಣ ಧ್ವನಿಯಲ್ಲಿ, "ಭಾನುವಾರ ಬೆಳಿಗ್ಗೆ ಬರ್ತೀನಿ. ಅಲ್ಲಿವರೆಗೂ ಗಾಡಿ ಗೇಟು ದಾಟಬಾರದು" ಎಂದರು.

ಕೆಂಗೇರಿ ಉಪನಗರದ ಹಿಂದೆ ಸೈಟುಗಳಷ್ಟೇ ಆಗಿ ಮನೆ ಏಳದ ಒಂದು ಬಡಾವಣೆಯಿದೆ. ಅಲ್ಲಿ ಅಗಲವಾದ ಖಾಲಿ ಜಾಗದಲ್ಲಿ ದೊಡ್ಡಪ್ಪ ಇಟ್ಟಿಗೆಗಳನ್ನು ಇಟ್ಟು, ಹೆಜ್ಜೆಯಲ್ಲಿ ಅಳೆದು, ಎಂಟು ಬರೆದರು. ಅವರಿಗಾಗ ಎಂಬತ್ತರ ಹತ್ತಿರ ವಯಸ್ಸು, ಹೃದಯಕ್ಕೆ ಮಾತ್ರೆ ನುಂಗುತ್ತಿದ್ದರು. ಮಗಳ ಪಕ್ಕದಲ್ಲಿ ಅವರು ಕೂತರು, ಹಿಂದೆ ನಾನು. ಅವಳು ಮೊದಲ ಸುತ್ತಿನಲ್ಲೇ ಎರಡು ಇಟ್ಟಿಗೆ ಬೀಳಿಸಿದಳು. ಆಮೇಲೆ ಅವರು ರಸ್ತೆಗೆ ಕರೆದುಕೊಂಡು ಹೋಗಿ, ಮಾತಾಡುತ್ತ ಆಡುತ್ತ ಹಠಾತ್ತನೆ "ನಿಲ್ಸು" ಎಂದರು. ಅವಳು ಮೊದಲು ಅವರ ಮುಖ ನೋಡಿದಳು, ಆಮೇಲೆ ಬ್ರೇಕ್ ತುಳಿದಳು.

"ಫೇಲು" ಎಂದರು ದೊಡ್ಡಪ್ಪ.

ಮಗಳು ತಮಾಷೆ ಎಂದುಕೊಂಡು ನಕ್ಕಳು. ಅವರು ನಗಲಿಲ್ಲ. ಮನೆಗೆ ಬಂದ ಮೇಲೆ ಕಾರಿನ ಕೀ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು. ಸೋಮವಾರ ಅವಳು ಅಳುತ್ತ ಮೆಟ್ರೋದಲ್ಲಿ ಹೋದಳು. ಮುಂದಿನ ಭಾನುವಾರವೂ ಫೇಲು. ಅದರ ಮುಂದಿನ ಭಾನುವಾರವೂ. ಕೆಲವು ವಾರ ಅವರಿಗೆ ಮೈ ಸರಿಯಿಲ್ಲದೆ ಬರಲಾಗುತ್ತಿರಲಿಲ್ಲ, ಆಗ ಕಾರು ಹೊದಿಕೆ ಹೊದ್ದು ನಿಂತಿರುತ್ತಿತ್ತು. ಮನೆಯಲ್ಲಿ ಮಾತು ಬೆಳೆಯಿತು. "ಸರ್ಕಾರವೇ ಲೈಸೆನ್ಸ್ ಕೊಟ್ಟಿದೆ, ಇವರು ಯಾರು ತಡೆಯೋಕೆ? ರಿಟೈರ್ ಆಗಿ ಎಷ್ಟು ವರ್ಷ ಆಯ್ತು?" ಎಂದು ನನ್ನ ಗಂಡ ರೇಗಿದರು. ಮಗಳು ತಾತನಿಗೆ ಹುಚ್ಚು ಎಂದಳು, ಆಮೇಲೆ ಆ ಮಾತಿಗಾಗಿ ಅತ್ತಳು. ನನಗೆ ಮಾತ್ರ ಆ ಭಾನುವಾರಗಳಂದು ಅವರು ಫೇಲು ಎಂದಾಗಲೆಲ್ಲ ಹೊಟ್ಟೆ ತಣ್ಣಗಾಗುತ್ತಿತ್ತು. ಇನ್ನೊಂದು ವಾರ ಅವಳು ರಸ್ತೆಗೆ ಇಳಿಯುವುದಿಲ್ಲ ಎಂಬ ನೆಮ್ಮದಿ. ಇದು ಹೀಗೇ ನಡೆಯಲಿ, ಅವಳು ಎಂದೂ ಪಾಸಾಗದಿರಲಿ ಎಂದು ನಾನು ದೇವರಿಗೆ ಕೈ ಮುಗಿಯುತ್ತಿದ್ದೆ. ದೊಡ್ಡಪ್ಪನಿಗೆ ಅದು ಗೊತ್ತಾಯಿತು. ಒಂದು ದಿನ ಕಾರಿನಿಂದ ಇಳಿಯುವಾಗ, "ನಾನು ಫೇಲ್ ಮಾಡ್ತಿರೋದು ಅವಳು ಪಾಸಾಗ್ಲಿ ಅಂತ ಕಣಮ್ಮ. ನಿನ್ ಹೆದರಿಕೆಗೆ ಅಲ್ಲ" ಎಂದರು.

ಮಳೆಗಾಲ ಮುಗಿಯುವ ಹೊತ್ತಿನ ಒಂದು ಭಾನುವಾರ ಇಟ್ಟಿಗೆ ಒಂದೂ ಅಲುಗಲಿಲ್ಲ. ರಸ್ತೆಯಲ್ಲಿ ದೊಡ್ಡಪ್ಪ ಏನೋ ಕಥೆ ಹೇಳುತ್ತ ಮಧ್ಯದಲ್ಲೇ "ನಿಲ್ಸು" ಎಂದಾಗ, ಆ ಪದ ಮುಗಿಯುವ ಮುಂಚೆ ಗಾಡಿ ನಿಂತಿತ್ತು. ಅವರು ಪಾಸು ಎನ್ನಲಿಲ್ಲ, ಫೇಲೂ ಎನ್ನಲಿಲ್ಲ. ಬಾಗಿಲು ತೆಗೆದು ಇಳಿದರು.

"ನೀನೂ ಇಳಿ" ಎಂದರು ನನಗೆ.

"ಯಾಕೆ ದೊಡ್ಡಪ್ಪ?"

"ಇಳೀಮ್ಮ." ಆಮೇಲೆ ಕಿಟಕಿಯಲ್ಲಿ ಬಗ್ಗಿ ಮಗಳಿಗೆ, "ಮೈನ್ ರೋಡಿಗೆ ಹೋಗಿ, ಒಂದು ಸುತ್ತು ಹಾಕ್ಕೊಂಡು ಇಲ್ಲಿಗೇ ಬಾ. ಫೋನ್ ಮುಟ್ಟಬೇಡ. ಯಾರು ಹಾರ್ನ್ ಹೊಡೆದ್ರೂ ನಿಂಗಲ್ಲ ಅನ್ಕೋ" ಎಂದರು.

ಬಿಳಿಯ ಕಾರು ತಿರುವಿನಲ್ಲಿ ಮರೆಯಾಯಿತು. ನಾವಿಬ್ಬರೂ ಒಂದು ಖಾಲಿ ಸೈಟಿನ ಕಲ್ಲಿನ ಮೇಲೆ ಕೂತೆವು. ಹತ್ತು ನಿಮಿಷದಲ್ಲಿ ಬರಬೇಕಿತ್ತು. ಬರಲಿಲ್ಲ. ನಾನು ಫೋನ್ ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಪಕ್ಕದಲ್ಲಿ ನೋಡಿದರೆ ದೊಡ್ಡಪ್ಪನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವರು ರಸ್ತೆಯ ಕಡೆಗೇ ನೋಡುತ್ತ, ನಾನು ಎಂದೂ ಕೇಳಿರದ ಪ್ರಶ್ನೆಗೆ ಉತ್ತರ ಕೊಡುವವರಂತೆ ಮಾತಾಡಿದರು.

"ಆ ರಿಪೋರ್ಟು ಬೇರೆಯವ್ರಿಗೆ ಯಾಕೆ ಬಿಡ್ಲಿಲ್ಲ ಗೊತ್ತಾ? ಬಿಟ್ಟಿದ್ರೆ, ಸಾರ್ ಮನೆ ಹುಡುಗ ಅಂತ ಬ್ರೇಕ್ ಫೇಲ್ ಅಂತ್ಲೇ ಬರ್ದಿರೋರು. ನನಗೆ ಉಪಕಾರ ಮಾಡ್ದಂಗೆ. ನಮ್ ಹುಡುಗ ಅನ್ನೋ ಮಾತಿಗೆ ಒಂದ್ಸಲ ಸಹಿ ಹಾಕಿದ್ದೆ. ಎರಡನೇ ಸಲ ಹಾಕೋಕಾಗಲ್ಲ ಅನ್ನಿಸ್ತು."

ನಾನು ಫೋನನ್ನು ಮಡಿಲಿಗಿಟ್ಟುಕೊಂಡೆ.

"ಮಗನ್ನ ಕೊಂದವನು ನಾನೇ ಅಂತಿದ್ನಂತೆ ನಿಮ್ಮಪ್ಪ. ಅದು ಪರವಾಗಿಲ್ಲ. ಅವತ್ತು ಹುಡುಗನ ಕೈಲಿ ಎಂಟು ಹಾಕಿಸಿ, ಪಕ್ಕದಲ್ಲಿ ಕೂತು ನೋಡಿದ್ರೆ ಫೇಲಾಗ್ತಿದ್ನೋ ಪಾಸಾಗ್ತಿದ್ನೋ, ಅದು ನಂಗೆ ಗೊತ್ತಿಲ್ಲ ಕಣಮ್ಮ. ಫೇಲ್ ಅಂತ ಗೊತ್ತಿದ್ದಿದ್ರೆ ತಪ್ಪು ನಂದು ಅಂತ ಅನುಭವಿಸ್ತಿದ್ದೆ. ಪಾಸ್ ಅಂತ ಗೊತ್ತಿದ್ದಿದ್ರೆ ಹಣೆಬರಹ ಅಂತಿದ್ದೆ. ಎರಡೂ ಗೊತ್ತಿಲ್ಲ. ಇಷ್ಟು ವರ್ಷ ಅದೊಂದೇ ಯೋಚನೆ."

ಅವರ ಕೈ ಹಿಡಿದುಕೊಂಡೆ. ತಣ್ಣಗಿತ್ತು. ನಮ್ಮಪ್ಪನಿಗೆ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಬೇಕೆನ್ನಿಸಿತು. ಹೇಳಿದ್ದರೂ ಅಪ್ಪ ಕೇಳುತ್ತಿರಲಿಲ್ಲ.

ಕಾರು ಬಂತು. ರೈಲ್ವೆ ಗೇಟು ಹಾಕಿಬಿಟ್ಟಿದ್ದರಂತೆ. ದಾರಿ ತಪ್ಪಿ ಆ ಕಡೆ ಹೋಗಿದ್ದಳು. "ಅಮ್ಮ, ಅಷ್ಟೊಂದ್ ಸಲ ಯಾಕೆ ಫೋನ್ ಮಾಡ್ತೀಯ? ತಾತ ಮುಟ್ಟಬೇಡ ಅಂದಿದ್ರಲ್ಲ" ಎಂದು ನನ್ನ ಮೇಲೇ ರೇಗಿದಳು. ದೊಡ್ಡಪ್ಪ ಮುಂದಿನ ಸೀಟಿನಲ್ಲಿ ಕೂರಲಿಲ್ಲ. ಹಿಂದೆ ನನ್ನ ಪಕ್ಕದಲ್ಲಿ ಕೂತು, ಮನೆ ತಲುಪುವವರೆಗೂ ಕಣ್ಣು ಮುಚ್ಚಿ ಒರಗಿದ್ದರು. ನಿದ್ದೆ ಬಂದಿತ್ತೋ ಇಲ್ಲವೋ ತಿಳಿಯಲಿಲ್ಲ. ಕಾರಿನ ಕೀಯನ್ನು ಆ ದಿನ ಅವರು ಕೇಳಲಿಲ್ಲ.

ಆ ದೀಪಾವಳಿ ದಾಟಿ ಸ್ವಲ್ಪ ದಿನಕ್ಕೆ ಅವರು ಹೋದರು. ಬೆಳಿಗ್ಗೆ ಕಾಫಿ ಕುಡಿದು ಪೇಪರ್ ಹಿಡಿದವರು ಹಾಗೇ ಕುರ್ಚಿಯಲ್ಲೇ. ಕೊಳ್ಳಿ ಇಡಬೇಕಾಗಿದ್ದವನು ಅವರಿಗಿಂತ ಎಷ್ಟೋ ವರ್ಷ ಮೊದಲೇ ಹೋಗಿದ್ದ. ಆ ಕೆಲಸವನ್ನು ನನ್ನ ಗಂಡ ಮಾಡಿದರು, ಯಾರೂ ಹೇಳುವ ಮೊದಲೇ ಅಂಗಿ ತೆಗೆದು ಮುಂದೆ ಬಂದು.

ತಿಥಿಯ ದಿನ ರಾಜಾಜಿನಗರದ ಮನೆಯ ತುಂಬ ಬಂಧುಬಳಗ. ಊಟವಾದ ಮೇಲೆ ಹಾಲಿನಲ್ಲಿ ಕೂತು ದೊಡ್ಡಪ್ಪನನ್ನು ಹೊಗಳುವ ಕಾರ್ಯಕ್ರಮ ಶುರುವಾಯಿತು. ಬಾಯಿಗೆ ಎಲೆ ಅಡಿಕೆ ಹಾಕಿಕೊಂಡ ಒಬ್ಬರು, "ಎಂಥಾ ಉಪಕಾರಿ ಸ್ವಾಮಿ. ಆಗಿನ ಕಾಲದಲ್ಲಿ ನಂಗೆ ಒಂದೇ ಮಾತಿಗೆ ಲೈಸೆನ್ಸು ಮಾಡಿಸಿಕೊಟ್ರು, ಗಾಡಿ ಹತ್ತಿಸಲೇ ಇಲ್ಲ" ಎಂದರು. ಇನ್ನೊಬ್ಬರು, "ನಮ್ ಭಾವಮೈದನಿಗೂ ಹಂಗೇ. ನಮ್ಮವ್ರು ಅಂದ್ರೆ ಅಷ್ಟು ಅಭಿಮಾನ" ಎಂದರು. ದೊಡ್ಡಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಗೋಡೆಯ ಕಡೆ ತಿರುಗಿದಳು. ಅವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಆ ಮನುಷ್ಯ ಬದುಕಿರುವಾಗ ಯಾವುದು ಅವರನ್ನು ಒಳಗೊಳಗೇ ತಿಂದಿತ್ತೋ ಅದನ್ನೇ ಅವರ ಪುಣ್ಯದ ಲೆಕ್ಕಕ್ಕೆ ಬರೆಯುತ್ತಿದ್ದರು. ಎದ್ದು ಕೂಗಬೇಕೆನ್ನಿಸಿತು.

ಬಾಗಿಲ ಹತ್ತಿರ ನಿಂತಿದ್ದ ನನ್ನ ಮಗಳು, "ನನ್ನನ್ನ ಫೇಲ್ ಮಾಡಿದ್ರು" ಎಂದಳು.

ಎಲ್ಲರೂ ತಿರುಗಿ ನೋಡಿದರು.

"ಮೂರು ಸಲ. ಈ ಮನೇಲಿ ತಾತ ಫೇಲ್ ಮಾಡಿದ್ದು ನನ್ನೊಬ್ಬಳನ್ನೇ."

ಎಲೆ ಅಡಿಕೆಯವರು ಅವಳಿಗೆ ನೋವಾಗಿದೆ ಎಂದುಕೊಂಡು, "ಹೋಗ್ಲಿ ಬಿಡು ಮಗು, ವಯಸ್ಸಾಗಿತ್ತು ಅವ್ರಿಗೆ, ಮನಸಲ್ಲಿ ಇಟ್ಕೋಬೇಡ" ಎಂದು ಸಮಾಧಾನ ಮಾಡಿದರು. ಅವಳು ನನ್ನ ಕಡೆ ನೋಡಿದಳು. ನಾನು ಅಲ್ಲಿ, ಅಷ್ಟು ಜನರ ನಡುವೆ, ಅಪ್ಪ ಸತ್ತಾಗಲೂ ಅಳದಷ್ಟು ಅತ್ತೆ.